ನಾಲ್ಕು ವರ್ಷವಾದರೂ ಕೂಡಲಾಗದ ದಂಪತಿ: ಒಂದು ಆಪ್ತಸಲಹೆ ಪ್ರಕರಣ

ಈ ದಂಪತಿಯ ಹೆಸರು, ಊರು, ಕೆಲಸ ಯಾವುದೂ ಇಲ್ಲಿಲ್ಲ. ಗುರುತು ಹತ್ತದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಇಬ್ಬರೂ ಒಪ್ಪಿದ್ದಾರೆ. "ನಮ್ಮ ಹಾಗೆ ಇರೋರು ಓದಲಿ" ಎಂದವರು ಹೆಂಡತಿಯೇ.

ಅವರು ಹೊರಟದ್ದು ಮಗುವಿಗಾಗಿ. ಆಕೆಗೆ 27, ಆತನಿಗೆ 31. ಫರ್ಟಿಲಿಟಿ ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆ, ವೀರ್ಯಪರೀಕ್ಷೆ ಎಲ್ಲ ಮುಗಿದಿತ್ತು. ಎಲ್ಲವೂ ಸರಿಯಿತ್ತು. ಯೋನಿಯ ಒಳಗಿನಿಂದ ಸ್ಕ್ಯಾನ್ ಮಾಡಲು ಹೋದಾಗ ಮಾತ್ರ ಆಕೆಯ ತೊಡೆಗಳು ಗಟ್ಟಿಯಾಗಿ ಕೂಡಿಕೊಂಡವು, ಸೊಂಟ ಮೇಲೆದ್ದಿತು, ಅಳು ಒತ್ತರಿಸಿ ಬಂತು. ವೈದ್ಯೆ ಸ್ಕ್ಯಾನ್ ನಿಲ್ಲಿಸಿದರು. ಆಕೆ ಸುಧಾರಿಸಿಕೊಂಡ ಮೇಲೆ, "ನಿಮ್ಮಿಬ್ಬರ ನಡುವೆ ಸಂಭೋಗ ಆಗ್ತಿದೆಯಾ?" ಎಂದು ಮೆಲ್ಲಗೆ ಕೇಳಿದರು. ಅಷ್ಟು ದಿನದ ಓಡಾಟದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇವರೂ ಹೇಳಿರಲಿಲ್ಲ. ಮದುವೆಯಾದಾಗಿನಿಂದ ಒಂದು ಸಲವೂ ಆಗಿರಲಿಲ್ಲ. ಆ ವೈದ್ಯೆಯೇ ಅವರನ್ನು ನನ್ನ ಬಳಿ ಕಳಿಸಿದರು.

ಹೀಗೆ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ಬದುಕುವ ಜೋಡಿಗಳು ಇದ್ದಾರೆ. ಹೇಳುವುದಕ್ಕೆ ನಾಚಿಕೆ. ಕೊನೆಗೆ ಮಗುವಿನ ಮಾತು ಬಂದಾಗಲೇ ವಿಷಯ ಹೊರಗೆ ಬೀಳುತ್ತದೆ.

ಇಂಥ ಪ್ರಕರಣದಲ್ಲಿ ನಾನು ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸುತ್ತೇನೆ. ಗಂಡನ ಎದುರು ಹೇಳಲಾಗದ್ದು ಹೆಂಡತಿಗೆ ಇರುತ್ತದೆ, ಹೆಂಡತಿಯ ಎದುರು ಹೇಳಲಾಗದ್ದು ಗಂಡನಿಗೂ ಇರುತ್ತದೆ.

ಆಕೆ ಹೇಳಿದ್ದು ಇಷ್ಟು. ಗಂಡ ಹತ್ತಿರ ಬಂದರೆ ಇಷ್ಟ. ಮುತ್ತು, ಅಪ್ಪುಗೆ, ಕೈಯಿಂದ ಸಿಗುವ ಸುಖ ಎಲ್ಲವೂ ಇಷ್ಟ. ಒಳಗೆ ಹೋಗುವ ಪ್ರಯತ್ನ ಶುರುವಾದ ತಕ್ಷಣ ಮೈಯೆಲ್ಲ ಬಿಗಿಯಾಗುತ್ತದೆ. ಕೆಳಗೆ ಉರಿಯುವಂಥ ನೋವು. "ನನಗೆ ಅಲ್ಲಿ ದಾರಿಯೇ ಇಲ್ಲ ಅನ್ನಿಸುತ್ತೆ ಮೇಡಂ, ಹುಟ್ಟಾ ಏನೋ ದೋಷ ಇರಬೇಕು" ಎಂದರು. ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುತ್ತಿತ್ತು. ಅಂದ ಮೇಲೆ ದಾರಿ ಇದೆ ಅಲ್ವಾ? ಅದನ್ನು ಹೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದರು. ಇಷ್ಟು ಸರಳ ವಿಷಯ ಆಕೆಗೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ತನ್ನ ಆ ಭಾಗವನ್ನು ಆಕೆ ಒಂದು ದಿನವೂ ನೋಡಿರಲಿಲ್ಲ, ಸ್ನಾನದ ಹೊತ್ತಿನಲ್ಲಿ ಬಿಟ್ಟರೆ ಮುಟ್ಟಿಯೂ ಇರಲಿಲ್ಲ.

ಚಿಕ್ಕಂದಿನಲ್ಲಿ ಯಾರಾದರೂ ಕೆಟ್ಟದಾಗಿ ಮುಟ್ಟಿದ್ದು, ಹಿಂಸೆ ಮಾಡಿದ್ದು ಇದೆಯೇ ಎಂದು ಕೇಳಿದೆ. ಇದನ್ನು ಕೇಳದೆ ಮುಂದೆ ಹೋಗುವಂತಿಲ್ಲ. ಹಾಗೇನೂ ಇರಲಿಲ್ಲ. ಇದ್ದದ್ದು ಒಂದು ಕಥೆ. ಹದಿಹರೆಯದಲ್ಲಿ ಸಂಬಂಧಿಕರ ಹುಡುಗಿಯೊಬ್ಬಳು, ಮೊದಲ ರಾತ್ರಿ ರಕ್ತ ನಿಲ್ಲದೆ ಯಾರೋ ಆಸ್ಪತ್ರೆ ಸೇರಿದರೆಂದು ಬಣ್ಣ ಕಟ್ಟಿ ಹೇಳಿದ್ದಳು. ಆ ಮಾತು ಆಕೆಯ ಮನಸ್ಸಿನಲ್ಲಿ ಹಾಗೇ ಕೂತಿತ್ತು.

ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ. ಆಸೆ ಯಾರ ಮೇಲೆ ಹುಟ್ಟುತ್ತದೆ, ಗಂಡಸರ ಮೇಲೋ, ಹೆಂಗಸರ ಮೇಲೋ, ಯಾರ ಮೇಲೂ ಇಲ್ಲವೋ? ಸುಮ್ನೆ ಕೇಳಿದ್ದಲ್ಲ. ಮನಸ್ಸು ತನ್ನದೇ ಲಿಂಗದವರ ಕಡೆ ಇರುವ ಹೆಣ್ಣನ್ನೋ ಗಂಡನ್ನೋ ಮದುವೆ ಮಾಡಿಸಿ, ಆಮೇಲೆ ಹಾಸಿಗೆಯಲ್ಲಿ ಏನೂ ಆಗಲಿಲ್ಲ ಎಂದು ಚಿಕಿತ್ಸೆಗೆ ಕರೆತರುವುದುಂಟು. ಅದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದೆ. ಅಲ್ಲಿ ಮಾಡಬೇಕಾದ ಮಾತುಕತೆಯೇ ಬೇರೆ, ಕೆಳಗೆ ಬರೆದಿರುವ ಯಾವ ಅಭ್ಯಾಸವೂ ಅವರಿಗಲ್ಲ. ಈಕೆಗೆ ಆಸೆ ಇತ್ತು, ಅದೂ ಗಂಡನ ಮೇಲೆಯೇ.

ಗಂಡನ ಕಡೆಯ ನೋವು ಬೇರೆಯದೇ. "ಅವಳಿಗೆ ನಾನು ಇಷ್ಟವಿಲ್ಲ, ಬಾಯಿಬಿಟ್ಟು ಹೇಳೋಕಾಗದೆ ಹೀಗೆ ಮಾಡ್ತಾಳೆ" ಎಂದು ನಂಬಿಬಿಟ್ಟಿದ್ದರು. ಎರಡನೇ ವರ್ಷದ ಹೊತ್ತಿಗೆ ಪ್ರಯತ್ನದ ಹೊತ್ತಿನಲ್ಲಿ ಆತನಿಗೂ ನಿಮಿರುವಿಕೆ ಉಳಿಯುತ್ತಿರಲಿಲ್ಲ. ಯಾರಿಗೂ ಹೇಳದೆ ಮೆಡಿಕಲ್ ಸ್ಟೋರಿನಿಂದ ಸಿಲ್ಡೆನಾಫಿಲ್ ಮಾತ್ರೆ ತಂದು ನುಂಗಿದ್ದರು. ಪ್ರಯೋಜನವಾಗಿರಲಿಲ್ಲ. ಆ ಮಾತ್ರೆ ರಕ್ತದ ಹರಿವಿಗೆ ಸಹಾಯ ಮಾಡುತ್ತದೆ ಅಷ್ಟೆ. ಮನಸ್ಸಿನಲ್ಲಿ ಉದ್ರೇಕವೇ ಇಲ್ಲದೆ "ಇವತ್ತೂ ಆಗಲ್ವೇನೋ" ಎಂಬ ಭಯ ತುಂಬಿದ್ದರೆ ಮಾತ್ರೆ ಏನು ಮಾಡೀತು? ಎದೆನೋವಿಗೆ ನೈಟ್ರೇಟ್ ಔಷಧ ತೆಗೆದುಕೊಳ್ಳುವವರು ಇದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ವೈದ್ಯರನ್ನು ಕೇಳದೆ ಯಾರೂ ನುಂಗಬಾರದು. ಬೆಳಗಿನ ಹೊತ್ತು ಮತ್ತು ಒಬ್ಬರೇ ಇದ್ದಾಗ ಆತನಿಗೆ ನಿಮಿರುವಿಕೆ ಸರಿಯಾಗಿಯೇ ಇತ್ತು. ಹಾಗಾಗಿ ಇದು ಮುಖ್ಯವಾಗಿ ಭಯದಿಂದ ಬಂದದ್ದು ಎನ್ನುವುದು ಸ್ಪಷ್ಟವಾಗಿತ್ತು.

ಆತ ಇನ್ನೊಂದನ್ನೂ ತಲೆ ತಗ್ಗಿಸಿ ಹೇಳಿದರು. ಒಂದು ರಾತ್ರಿ ಆಕೆ ಅಳುತ್ತಾ ಬೇಡ ಎಂದರೂ ಪ್ರಯತ್ನ ನಿಲ್ಲಿಸಿರಲಿಲ್ಲ. "ಒಂದ್ಸಲ ಆಗಿಬಿಟ್ರೆ ಎಲ್ಲ ಸರಿಹೋಗುತ್ತೆ ಅಂತ ಫ್ರೆಂಡ್ಸ್ ಹೇಳಿದ್ರು." ನಾನು ನೇರವಾಗಿಯೇ ಹೇಳಿದೆ: ಅದು ಬಲವಂತ, ಗಂಡನೇ ಮಾಡಿದರೂ ಬಲವಂತವೇ. ಬೇಡ ಎಂದ ಕ್ಷಣ ನಿಲ್ಲಬೇಕು, ಅದರಲ್ಲಿ ಚೌಕಾಸಿ ಇಲ್ಲ. ಇದನ್ನು ಒಪ್ಪಿಕೊಳ್ಳದಿದ್ದರೆ ಮುಂದಿನ ಕೆಲಸವೇ ಇಲ್ಲ. ಆತ ಒಪ್ಪಿದರು. ಹೆಂಡತಿಯ ಎದುರು ಕ್ಷಮೆಯನ್ನೂ ಕೇಳಿದರು. ಆಕೆಯನ್ನು ಮತ್ತೆ ಒಬ್ಬರೇ ಕೂರಿಸಿ, ಈ ಮನೆಯಲ್ಲಿ ಭಯವಿಲ್ಲದೆ ಇದ್ದೀರಾ, ಈ ಚಿಕಿತ್ಸೆ ನಿಮಗೇ ಬೇಕೇ ಎಂದು ಕೇಳಿದೆ. ಬೇಕು ಎಂದರು. ಆಮೇಲೆಯೇ ಶುರುಮಾಡಿದ್ದು.

ಆಕೆಗೆ ಇದ್ದದ್ದನ್ನು ವೆಜಿನಿಸ್ಮಸ್ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನೂ ಸಂಭೋಗದ ನೋವನ್ನೂ ಒಂದೇ ತೊಂದರೆಯಾಗಿ ಸೇರಿಸಿತು. ನೋವು, ಭಯ, ಬಿಗಿತ ಒಂದನ್ನೊಂದು ಬೆಳೆಸುವುದರಿಂದ ಹಾಗೆ ಸೇರಿಸಿದ್ದು ಸರಿ ಎಂದೇ ನನಗೆ ಅನ್ನಿಸುತ್ತದೆ. ಯೋನಿಯ ಸುತ್ತ, ಸೊಂಟದ ತಳದಲ್ಲಿ ಸ್ನಾಯುಗಳಿವೆ. ಏನಾದರೂ ಒಳಗೆ ಬರುತ್ತದೆ ಅನ್ನಿಸಿದ ತಕ್ಷಣ ಅವು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಕಣ್ಣಿನ ಹತ್ತಿರ ಯಾರೋ ಬೆರಳು ತಂದರೆ ರೆಪ್ಪೆ ಮುಚ್ಚಿಕೊಳ್ಳುತ್ತದಲ್ಲ, ಹಾಗೆ. ಮುಚ್ಚಬೇಡ ಎಂದು ಬೈದರೆ ರೆಪ್ಪೆ ಕೇಳುತ್ತದೆಯೇ? ಈ ಬಿಗಿತ ಆಕೆಯ ಹಟವಲ್ಲ, ಗಂಡನ ಮೇಲಿನ ಸಿಟ್ಟೂ ಅಲ್ಲ. ಬಿಗಿದ ಸ್ನಾಯುವಿನ ಮೇಲೆ ಒತ್ತಿದರೆ ನೋವಾಗುತ್ತದೆ. ನೋವಾದರೆ "ಹೆದರಿದ್ದು ಸರಿಯೇ" ಎಂದು ಮೈ ಕಲಿಯುತ್ತದೆ. ಮುಂದಿನ ಸಲ ಇನ್ನೂ ಬೇಗ ಬಿಗಿಯುತ್ತದೆ. ಬಲವಂತದಿಂದ ಇದು ಬಿಗಡಾಯಿಸುವುದು ಹೀಗೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಇದನ್ನು ವಿವರಿಸಿದೆ. ಗಂಡನ ಮುಖದಲ್ಲಿ ಬದಲಾವಣೆ ಕಂಡದ್ದು ಆಗಲೇ. ತನ್ನನ್ನು ತಿರಸ್ಕರಿಸಿದ್ದಲ್ಲ ಎಂದು ಆತನಿಗೆ ಯಾರೂ ಹೇಳಿರಲಿಲ್ಲ.

ಮೈಯ ಕಡೆಯಿಂದ ಬೇರೆ ಕಾರಣ ಇಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಸೋಂಕು, ಚರ್ಮದ ತೊಂದರೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವುದು), ಕನ್ಯಾಪೊರೆಯಲ್ಲಿ ಅಡ್ಡಪಟ್ಟಿ, ಇವೆಲ್ಲ ನೋವು ತರುತ್ತವೆ. ಅದೇ ವೈದ್ಯೆ ಬೇರೊಂದು ದಿನ ಬಿಡುವು ಮಾಡಿಕೊಂಡು ಆಕೆಯನ್ನು ನೋಡಿದರು. ಒಪ್ಪಂದ ಹೀಗಿತ್ತು: ಆಕೆ ಸಾಕು ಎಂದರೆ ಅಲ್ಲಿಗೇ ನಿಲ್ಲುತ್ತದೆ. ಅವತ್ತು ಹೊರಗಿನಿಂದಷ್ಟೇ ನೋಡಿದರು. ಹುಟ್ಟಿನಿಂದ ಬಂದ ದೋಷ ಕಾಣಲಿಲ್ಲ, ಸೋಂಕಿನ ಲಕ್ಷಣವೂ ಕಾಣಲಿಲ್ಲ.

ಕನ್ಯಾಪೊರೆಯ ಬಗ್ಗೆ ಒಂದು ಮಾತು. ಅದು ಬಾಗಿಲು ಮುಚ್ಚುವ ತೆರೆಯಲ್ಲ, ಯೋನಿದ್ವಾರದ ಅಂಚಿನಲ್ಲಿರುವ ತೆಳು ಅಂಗಾಂಶ. ಮೊದಲ ಸಲ ಎಷ್ಟೋ ಹೆಂಗಸರಿಗೆ ರಕ್ತ ಬರುವುದೇ ಇಲ್ಲ. ಅದನ್ನು ನೋಡಿ ಯಾರ ಕನ್ಯತ್ವವನ್ನೂ ಹೇಳಲಾಗದು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಇತರ ಅಂಗಗಳು ಕನ್ಯತ್ವ ಪರೀಕ್ಷೆಯನ್ನೇ ನಿಲ್ಲಿಸಬೇಕೆಂದು ಹೇಳಿವೆ. ಆಸ್ಪತ್ರೆ ಸೇರಿದ ಹುಡುಗಿಯ ಕಥೆಯನ್ನು ಆಕೆಯ ತಲೆಯಿಂದ ಇಳಿಸಲು ಇದನ್ನೆಲ್ಲ ಹೇಳಬೇಕಾಯಿತು.

ನಾನು ಕೊಟ್ಟ ಮೊದಲ ಸಲಹೆ, ಸಂಭೋಗದ ಪ್ರಯತ್ನವನ್ನು ಪೂರ್ತಿ ನಿಲ್ಲಿಸಿ ಎಂದು. ನಾನು ಹೇಳುವವರೆಗೆ ಬೇಡ. ಇಬ್ಬರೂ ಅದನ್ನು ಕೇಳಿ ಹಗುರಾದರು. ಅದರ ಜಾಗದಲ್ಲಿ ಸ್ಪರ್ಶದ ಅಭ್ಯಾಸ ಕೊಟ್ಟೆ. 1970ರ ಹೊತ್ತಿಗೆ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ಸಂಶೋಧಕರು ಪರಿಚಯಿಸಿದ ವಿಧಾನ ಇದು. ಒಬ್ಬರು ಮುಟ್ಟುತ್ತಾರೆ, ಇನ್ನೊಬ್ಬರು ಸುಮ್ಮನೆ ಅನುಭವಿಸುತ್ತಾರೆ. ಆಮೇಲೆ ಅದಲುಬದಲು. ಮೊದಲ ಕೆಲವು ವಾರ ಸ್ತನ, ಜನನಾಂಗ ಬಿಟ್ಟು ಉಳಿದ ಮೈ ಮಾತ್ರ. ಎಲ್ಲಿಗೂ ತಲುಪಬೇಕಾಗಿಲ್ಲ. ಆತನ ನಿಮಿರುವಿಕೆ ಮರಳಿದ್ದು ಇದರಿಂದಲೇ. ಪರೀಕ್ಷೆ ಇಲ್ಲ ಎಂದಾದ ಮೇಲೆ ಫೇಲ್ ಆಗುವ ಭಯವೂ ಹೋಯಿತು.

ಆಕೆಯ ಅಭ್ಯಾಸ ಒಬ್ಬರೇ ಇದ್ದಾಗ, ಬಾಗಿಲು ಹಾಕಿಕೊಂಡು. ಮೊದಲು ಕನ್ನಡಿ ಹಿಡಿದು ನೋಡುವುದು. ಇದಕ್ಕೇ ಎರಡು ವಾರ ಬೇಕಾಯಿತು. ಬೇಕಾದಷ್ಟು ಸಮಯ ತೆಗೆದುಕೊಳ್ಳಿ ಎಂದೆ. ಆಮೇಲೆ ಕೈಯಿಂದ ಹೊರಗೆ ಮುಟ್ಟುವುದು. ಜೊತೆಗೆ ಉಸಿರು: ಹೊಟ್ಟೆ ಉಬ್ಬುವಂತೆ ಎಳೆದುಕೊಂಡು ನಿಧಾನವಾಗಿ ಬಿಡುವುದು. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯು ಯಾವುದೆಂದು ಗುರುತಿಸಿಕೊಂಡು, ಅದನ್ನು ಬಿಗಿದು ಸಡಿಲ ಬಿಡುವುದು. ಹೀಗೆ ಬಿಗಿಯುವ ವ್ಯಾಯಾಮವನ್ನು ಎಲ್ಲರೂ ಹೇಳಿಕೊಡುತ್ತಾರೆ. ಆದರೆ ಈ ತೊಂದರೆ ಇರುವವರಿಗೆ ಬೇಕಾದದ್ದು ಸಡಿಲ ಬಿಡುವ ಪಾಠ. ಬಿಗಿತ ಆಗಲೇ ಜಾಸ್ತಿ ಇದೆ. ಸ್ನಾಯುವನ್ನು ಬಿಡುವುದು ಗೊತ್ತಾಗದಿದ್ದರೆ ಸೊಂಟದ ತಳದ ಸ್ನಾಯುಗಳಿಗೆ ಚಿಕಿತ್ಸೆ ಕೊಡುವ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ.

ಅದಾದ ಮೇಲೆ ಕಿರುಬೆರಳ ತುದಿ, ಆಮೇಲೆ ಡೈಲೇಟರ್. ಸಣ್ಣದರಿಂದ ದೊಡ್ಡದಕ್ಕೆ ಹೋಗುವ ನುಣುಪಾದ ಕಡ್ಡಿಗಳ ಸೆಟ್ ಅದು. ನೀರಿನಂಶದ ಜೆಲ್ ಧಾರಾಳವಾಗಿ ಹಚ್ಚಬೇಕು. ಎಣ್ಣೆ, ವ್ಯಾಸಲೀನ್ ಬೇಡ, ಮುಂದೆ ಕಾಂಡೋಮ್ ಬಳಸಿದರೆ ಅದು ಹರಿಯಬಹುದು. ಒಳಗೆ ಇಟ್ಟುಕೊಂಡು ಹತ್ತು ಹದಿನೈದು ನಿಮಿಷ ಸುಮ್ಮನೆ ಮಲಗುವುದು. ಬಿಗಿ ಅನ್ನಿಸಿದರೆ ಪರವಾಗಿಲ್ಲ, ನೋವಾದರೆ ಹಿಂದಿನ ಅಳತೆಗೆ ವಾಪಸ್. ಇದು ಯೋನಿಯನ್ನು ಅಗಲ ಮಾಡುವ ಕೆಲಸ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಜಾಗ ಮೊದಲಿನಿಂದಲೂ ಇದೆ. ಏನೋ ಒಳಗಿದ್ದರೂ ನೋವಾಗುವುದಿಲ್ಲ, ಬೇಕೆಂದಾಗ ತೆಗೆಯಬಹುದು ಎಂದು ಮೈಗೆ ತೋರಿಸಿಕೊಡುವುದಷ್ಟೆ. ಹಾಗಾಗಿಯೇ ಅದು ಆಕೆಯ ಕೈಯಲ್ಲೇ ಇರಬೇಕು. "ನಾನು ಸಹಾಯ ಮಾಡ್ಲಾ?" ಎಂದು ಗಂಡ ಕೇಳಿದ್ದರು. ಸದ್ಯಕ್ಕೆ ಬೇಡ ಎಂದೆ.

ನಡುವೆ ಒಂದು ಸಲ ಆಕೆ ಕಂಗಾಲಾಗಿ ಬಂದರು. ಅತ್ತೆ ಪ್ರತಿ ವಾರ ಫೋನಿನಲ್ಲಿ "ಏನಮ್ಮ, ಇನ್ನೂ ವಿಶೇಷ ಇಲ್ವಾ?" ಎಂದು ಕೇಳುತ್ತಿದ್ದರು. ಸಂಭೋಗವನ್ನು ಈಗಲೇ ಮುಗಿಸಿಬಿಡೋಣ, ನೋವಾದರೂ ತಡೆದುಕೊಳ್ಳುತ್ತೇನೆ ಎಂದರು. ನಾನು ಒಪ್ಪಲಿಲ್ಲ. ತಡೆದುಕೊಂಡ ನೋವು ಇಷ್ಟು ದಿನದ ಕೆಲಸವನ್ನು ಹಿಂದಕ್ಕೆ ಎಳೆಯುತ್ತದೆ. ಅತ್ತೆಗೆ ಉತ್ತರ ಕೊಡುವುದು ಮಗನ ಕೆಲಸ, ಸೊಸೆಯದಲ್ಲ. "ಅಮ್ಮಾ, ನಾವಿಬ್ಬರೂ ಡಾಕ್ಟರ್ ಹತ್ರ ಹೋಗ್ತಿದ್ದೀವಿ, ಇನ್ನು ಅವಳನ್ನ ಕೇಳ್ಬೇಡ, ಏನಿದ್ರೂ ನಾನೇ ಹೇಳ್ತೀನಿ" ಎಂದು ಆತ ಹೇಳಿದರು. ಕರೆಗಳು ನಿಂತವು.

ಮಗುವಿನ ವಿಷಯವನ್ನು ಸದ್ಯಕ್ಕೆ ಪಕ್ಕಕ್ಕಿಡಿ ಎಂದಿದ್ದೆ. ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ ಇದೆ, ನಿಜ. ಆದರೆ ಅದಕ್ಕೂ ಒಳಗೆ ಉಪಕರಣ ಹಾಕಬೇಕು. ಹೆರಿಗೆಯ ತನಕ ಒಳಪರೀಕ್ಷೆ ಇರುತ್ತದೆ. ಆಕೆಗೆ 27, ಕಾಯಲು ಸಮಯವಿತ್ತು. 37 ಆಗಿದ್ದರೆ ಎರಡನ್ನೂ ಜೊತೆಯಲ್ಲೇ ನಡೆಸಿ ಎನ್ನುತ್ತಿದ್ದೆ.

ದೊಡ್ಡ ಅಳತೆ ನಿರಾಯಾಸವಾದ ಮೇಲೆ ಗಂಡನನ್ನು ಸೇರಿಸಿಕೊಂಡೆವು. ಮೊದಲು ಆತನ ಬೆರಳು, ಆದರೆ ಅದನ್ನು ನಡೆಸುವುದು ಆಕೆಯ ಕೈ. ಆಮೇಲೆ ಆಕೆ ಮೇಲೆ, ಆತ ಅಲುಗದೆ ಕೆಳಗೆ. ಎಷ್ಟು, ಯಾವಾಗ, ಎಲ್ಲಿ ನಿಲ್ಲಿಸುವುದು ಎಲ್ಲ ಆಕೆಯದೇ ನಿರ್ಧಾರ. ಶುರುಮಾಡಿ ಏಳು ತಿಂಗಳಿಗೆ ಮೊದಲ ಬಾರಿ ನೋವಿಲ್ಲದೆ ಕೂಡಿದರು. "ಇಷ್ಟೇನಾ?" ಎಂದು ಇಬ್ಬರೂ ನಕ್ಕರಂತೆ.

ಇದೇ ತೊಂದರೆ ಇರುವವರಿಗೆ ಕೆಲವು ಎಚ್ಚರಿಕೆ. ಕುಡಿದು ಪ್ರಯತ್ನಿಸಿ, ಮರಗಟ್ಟಿಸುವ ಕ್ರೀಮ್ ಹಚ್ಚಿ ಎಂಬ ಸಲಹೆ ಬರುತ್ತದೆ. ಮರಗಟ್ಟಿದ ಮೈ ಏನನ್ನೂ ಕಲಿಯುವುದಿಲ್ಲ. ದ್ವಾರ ಅಗಲ ಮಾಡುವ ಆಪರೇಷನ್‌ಗೆ ಅವಸರದಲ್ಲಿ ಒಪ್ಪಬೇಡಿ. ತೊಂದರೆ ಸ್ನಾಯುವಿನ ಬಿಗಿತದ್ದಾದರೆ ಕತ್ತರಿಸಿದರೆ ಭಯ ಹೋಗುವುದಿಲ್ಲ, ಗಾಯದ ನೋವು ಸೇರಿಕೊಳ್ಳುತ್ತದೆ. ಅಭ್ಯಾಸದಿಂದ ಬಗೆಹರಿಯದ ಕೆಲವರಿಗೆ ತಜ್ಞರು ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಕೊಡುವುದುಂಟು. ಅದು ಕೊನೆಯ ಹಂತ, ಅದರ ಜೊತೆಗೂ ಡೈಲೇಟರ್ ಅಭ್ಯಾಸ ಬೇಕೇ ಬೇಕು.

ವೈದ್ಯರ ಬಳಿ ಸುತ್ತಿಬಳಸಬೇಡಿ. "ಒಳಗೆ ಹೋಗುವುದೇ ಇಲ್ಲ, ಮೈ ಬಿಗಿಯಾಗುತ್ತದೆ, ಒಳಪರೀಕ್ಷೆಗೂ ಭಯ" ಎಂದು ಒಂದು ಚೀಟಿಯಲ್ಲಿ ಬರೆದು ಕೊಟ್ಟರೂ ಸಾಕು. ಹೇಳಿದ ಮೇಲೂ ಕೇಳದೆ ಪರೀಕ್ಷೆಗೆ ಕೈ ಹಾಕಿದರೆ ಎದ್ದು ಬನ್ನಿ, ಬೇರೆಯವರನ್ನು ಹುಡುಕಿ.

ಗುಣವಾದ ಮೇಲೂ ಸೋಂಕು ಬಂದಾಗ, ಹೆರಿಗೆಯಾದಾಗ, ಬಹಳ ದಿನ ಬಿಟ್ಟಾಗ ಬಿಗಿತ ಮರಳಬಹುದು. ಆಗ ಗಾಬರಿ ಬೇಡ, ಸಣ್ಣ ಅಳತೆಯಿಂದ ಮತ್ತೆ ಶುರುಮಾಡಿ. ಎರಡನೇ ಸಲ ಸಾಮಾನ್ಯವಾಗಿ ಅಷ್ಟು ಸಮಯ ಹಿಡಿಯುವುದಿಲ್ಲ. ಈಕೆ ಮೊನ್ನೆ ಒಳಗಿನ ಸ್ಕ್ಯಾನ್‌ಗೆ ಹೋಗುವ ಹಿಂದಿನ ವಾರ ಮಾಡಿದ್ದೂ ಅದನ್ನೇ. ಸ್ಕ್ಯಾನಿನ ಕಡ್ಡಿಯನ್ನು ತಾನೇ ಹಾಕಿಕೊಳ್ಳುತ್ತೇನೆ ಎಂದು ವೈದ್ಯೆಯನ್ನು ಕೇಳಿದರಂತೆ. ವೈದ್ಯೆ ಒಪ್ಪಿದರು.