ಹೊಗೆಸೊಪ್ಪು ಬಿಟ್ಟ ಮೇಲೆ ಬರೀ ಎಲೆ-ಅಡಿಕೆ ಸುರಕ್ಷಿತವೇ?

ನಿಮ್ಮ ತಂದೆಯವರು ಹೊಗೆಸೊಪ್ಪು ಬಿಟ್ಟು ಈಗ ಎಲೆ, ಅಡಿಕೆ, ಸುಣ್ಣವನ್ನಷ್ಟೇ ಹಾಕಿಕೊಳ್ಳುತ್ತಿರುವುದರಿಂದ ಬಾಯಿಯ ಕ್ಯಾನ್ಸರಿನ ಭಯ ಕಳೆಯಿತೇ ಎಂದು ಕೇಳಿದ್ದೀರಿ. ಭಯ ತಗ್ಗಿದೆ, ಕಳೆದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯು, ತಂಬಾಕು ಬೆರೆಸದ ಎಲೆ-ಅಡಿಕೆಯನ್ನೂ ಬರಿಯ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆಂದು ಖಚಿತವಾದ ವಸ್ತುಗಳ ಗುಂಪಿಗೇ ಸೇರಿಸಿದೆ. ಅಡಿಕೆಯನ್ನೇ ನೆಚ್ಚಿ ಬದುಕುವ ಮಲೆನಾಡಿನ ಮನೆಗಳಲ್ಲಿ ಈ ಮಾತನ್ನು ಒಪ್ಪುವುದು ಕಷ್ಟವೆಂದು ನಾನು ಬಲ್ಲೆ.

ಆದರೆ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು, ಅವರಿಗೆ ಖಾರ ತಿಂದರೆ ಬಾಯಿ ಉರಿಯುತ್ತದೆ, ಬಾಯಿ ಮೊದಲಿನಷ್ಟು ಅಗಲವಾಗಿ ತೆರೆಯುವುದಿಲ್ಲ ಎಂದು ನೀವು ಕೊನೆಯಲ್ಲಿ ಬರೆದ ಸಾಲು. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಅಂಶವು ಕೆನ್ನೆಯ ಒಳಪದರದ ಕೆಳಗೆ ನಾರಿನಂಥ ಅಂಗಾಂಶವನ್ನು ಹೆಚ್ಚಿಸುತ್ತಾ ಹೋಗುವುದರಿಂದ ಬಾಯಿ ಕ್ರಮೇಣ ಬಿಗಿಯುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುವ ಈ ಸ್ಥಿತಿ ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗಬಹುದು. ಅಡಿಕೆ ಬಿಟ್ಟ ಮೇಲೂ ಬಿಗಿತ ತಾನಾಗಿ ಪೂರ್ತಿ ಸಡಿಲವಾಗುವುದು ವಿರಳ. ಸಾಮಾನ್ಯವಾಗಿ ಅವರವರ ಮೂರು ಬೆರಳುಗಳು ಒಂದರ ಮೇಲೊಂದಾಗಿ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಹಿಡಿಸಬೇಕು. ಅವರಿಗೆ ಹಿಡಿಸದಿದ್ದರೆ ಈ ವಾರವೇ ದಂತವೈದ್ಯರಿಗೆ ತೋರಿಸಿ, ಅಡಿಕೆಯನ್ನು ಅಂದಿನಿಂದಲೇ ನಿಲ್ಲಿಸಿ. ಬೀಡಿ, ಮದ್ಯದ ಅಭ್ಯಾಸವಿದ್ದರೆ ಅದನ್ನೂ ವೈದ್ಯರಿಂದ ಮುಚ್ಚಿಡಬೇಡಿ, ಏಕೆಂದರೆ ಅವೆರಡೂ ಕೂಡಿದಾಗ ಅಪಾಯ ಹಲವು ಪಟ್ಟು ಏರುತ್ತದೆ. ಎಲೆ-ಅಡಿಕೆ ಒತ್ತಿಟ್ಟುಕೊಳ್ಳುತ್ತಿದ್ದ ಕೆನ್ನೆಯ ಸಂದಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆಯಾಗಲಿ, ಎರಡು ವಾರವಾದರೂ ಮಾಯದ ಹುಣ್ಣಾಗಲಿ ಕಂಡರೆ, ನೋವಿಲ್ಲವೆಂದು ಸುಮ್ಮನಿರದೆ ಬಯಾಪ್ಸಿ (ಆ ಜಾಗದ ಚಿಕ್ಕ ತುಣುಕನ್ನು ತೆಗೆದು ಮಾಡುವ ಪರೀಕ್ಷೆ) ಬೇಕೇ ಎಂದು ನೀವಾಗಿಯೇ ಕೇಳಿ.