ಬೀದರ್‌ನಲ್ಲಿ ಕೂತು ಕಲಬುರಗಿ ಮನೆಯ ಕಂಪ್ಯೂಟರನ್ನು ಟ್ಯಾಬ್‌ನಿಂದಲೇ ಆನ್ ಮಾಡಿ ಬಳಸಬಹುದಾ?

ಬಳಸಬಹುದು. ಆದರೆ ನೀವು ಕೇಳಿರುವುದು ಎರಡು ಬೇರೆ ಕೆಲಸ. ಆಫ್ ಆಗಿರುವ ಮಷಿನ್ ಎಬ್ಬಿಸುವುದು ಒಂದು, ಎದ್ದ ಮೇಲೆ ಅದನ್ನು ಟ್ಯಾಬ್‌ನಲ್ಲಿ ನಡೆಸುವುದು ಇನ್ನೊಂದು. ಎರಡನೆಯದು ಸಲೀಸು. ತಲೆನೋವೆಲ್ಲ ಮೊದಲನೆಯದರಲ್ಲಿ.

"ಮನೆಯಲ್ಲಿ ಅವ್ವ ಒಬ್ಬರೇ, ದಿನಾ ಫೋನ್ ಮಾಡಿ ಬಟನ್ ಒತ್ತು ಅನ್ನೋಕೆ ಬೇಜಾರು" ಅಂದಿದ್ದೀರಿ. ನನ್ನದೂ ಹೆಚ್ಚೂಕಮ್ಮಿ ಅದೇ ಪಾಡು. ಡಿಟಿಪಿ ಫೈಲು, ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್), ಫಾಂಟು ಎಲ್ಲ ಕಲಬುರಗಿಯ ಡೆಸ್ಕ್‌ಟಾಪ್‌ನಲ್ಲಿ, ನಾನು ಯಾದಗಿರಿಯಲ್ಲಿ.

ಎಬ್ಬಿಸಲು ಎಲ್ಲರೂ ಹೇಳುವುದು ವೇಕ್ ಆನ್ ಲ್ಯಾನ್, ಅಂದರೆ ನೆಟ್‌ವರ್ಕ್ ಮೂಲಕ ಸಂದೇಶ ಕಳಿಸಿ ಮಷಿನ್ ಎಬ್ಬಿಸುವುದು. ಶಟ್‌ಡೌನ್ ಆದ ಮೇಲೂ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿನ ಪವರ್ ಸಪ್ಲೈ) ಲ್ಯಾನ್ ಕಾರ್ಡಿಗೆ (ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಭಾಗ) ಸ್ವಲ್ಪ ಕರೆಂಟ್ ಹೋಗುತ್ತಿರುತ್ತದೆ. ಹಿಂದೆ ಕೇಬಲ್ ಸಿಕ್ಕಿಸಿದ ಕಡೆ ಸಣ್ಣ ದೀಪ ಉರಿಯುತ್ತಿರುತ್ತದಲ್ವಾ, ಅದೇ ಗುರುತು. ಆ ಕಾರ್ಡು ತನ್ನ ಮ್ಯಾಕ್ ಅಡ್ರೆಸ್ (ಕಾರ್ಡಿನ ಗುರುತಿನ ಸಂಖ್ಯೆ) 16 ಸಲ ಇರುವ 102 ಬೈಟ್‌ನ ಒಂದು ಪ್ಯಾಕೆಟ್‌ಗೆ, ಅಂದರೆ ಸಣ್ಣ ಸಂದೇಶಕ್ಕೆ, ಕಾಯುತ್ತಿರುತ್ತದೆ. ಬಂತೋ, ಮಷಿನ್ ಎದ್ದಿತು. ಇದಕ್ಕೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್) ವೇಕ್ ಆನ್ ಲ್ಯಾನ್ ಆನ್ ಇರಬೇಕು, ಇಆರ್‌ಪಿ (ErP, ಆಫ್ ಇದ್ದಾಗ ಕರೆಂಟ್ ಉಳಿಸುವ ಆಯ್ಕೆ) ಅಂತ ಇದ್ದರೆ ಅದು ಆಫ್ ಇರಬೇಕು. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಲ್ಯಾನ್ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಕಂಪ್ಯೂಟರ್ ಎಬ್ಬಿಸಲು ಅನುಮತಿ ಕೊಡಿ. ವೈಫೈ ನಂಬಬೇಡಿ, ಕೇಬಲ್ಲೇ ಹಾಕಿ.

ಇಷ್ಟು ಮಾಡಿದರೆ ಮನೆಯೊಳಗೆ ಕೆಲಸ ಮಾಡುತ್ತದೆ. ಊರಾಚೆಯಿಂದ? ಅಲ್ಲೇ ಸಿಕ್ಕಿಕೊಳ್ಳುವುದು. ಈಗ ಎಷ್ಟೋ ಕನೆಕ್ಷನ್‌ಗಳಲ್ಲಿ ನಿಮ್ಮ ಮನೆಗೇ ಅಂತ ಒಂದು ಪಬ್ಲಿಕ್ ಐಪಿ (ಇಂಟರ್‌ನೆಟ್‌ನಲ್ಲಿನ ವಿಳಾಸ) ಇರುವುದಿಲ್ಲ, ನೂರಾರು ಮನೆಗೆ ಒಂದೇ. ಹಾಗಾಗಿ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿಂದ ಬಂದದ್ದನ್ನು ಒಳಗಿನ ಮಷಿನ್‌ಗೆ ದಾಟಿಸುವ ಸೆಟ್ಟಿಂಗ್) ಎಷ್ಟು ಮಾಡಿದರೂ ಪ್ಯಾಕೆಟ್ ಬಾಗಿಲಿಗೇ ಬರುವುದಿಲ್ಲ. ಸದಾ ಆನ್ ಇರುವ ಒಂದು ಸಾಧನ ಮನೆಯೊಳಗೇ ಇರಬೇಕು, ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಥರದ್ದು. ಅದರಲ್ಲೂ ಟ್ಯಾಬ್‌ನಲ್ಲೂ ಟೇಲ್‌ಸ್ಕೇಲ್ (ದೂರದ ಸಾಧನಗಳನ್ನು ಒಂದೇ ಖಾಸಗಿ ನೆಟ್‌ವರ್ಕ್‌ಗೆ ಸೇರಿಸುವ ಆ್ಯಪ್) ಹಾಕಿ, ಟ್ಯಾಬ್‌ನಿಂದ ಅದಕ್ಕೆ ಹೇಳಿದರೆ ಅದು ಒಳಗಿಂದ ಪ್ಯಾಕೆಟ್ ಕಳಿಸುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ ಇನ್ನೊಂದು ಕಾಟ. ಕರೆಂಟ್ ಹೋಗಿ ಬಂದರೆ ಕೆಲವು ಮದರ್‌ಬೋರ್ಡುಗಳಲ್ಲಿ ಲ್ಯಾನ್ ಕಾರ್ಡು ಕಾಯುವುದನ್ನೇ ಮರೆತುಬಿಡುತ್ತದೆ. ಯಾರಾದರೂ ಕೈಯಿಂದ ಒಮ್ಮೆ ಆನ್ ಮಾಡುವ ತನಕ ಅದು ಏಳುವುದಿಲ್ಲ.

ಅದಕ್ಕೇ ನಾನು ಸ್ಮಾರ್ಟ್ ಪ್ಲಗ್ (ಇಂಟರ್‌ನೆಟ್ ಮೂಲಕ ಆನ್-ಆಫ್ ಮಾಡುವ ಪ್ಲಗ್) ದಾರಿ ಹಿಡಿದೆ. ಬಯಾಸ್‌ನಲ್ಲಿ ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು ಅಂತ ಒಂದು ಆಯ್ಕೆ ಇರುತ್ತದೆ, ರಿಸ್ಟೋರ್ ಆನ್ ಎಸಿ ಪವರ್ ಲಾಸ್ ಅಂತಲೋ ಅಂಥದ್ದೇ ಹೆಸರಲ್ಲೋ. ಅದನ್ನು ಪವರ್ ಆನ್‌ಗೆ ಇಡಿ. ಟ್ಯಾಬ್‌ನಲ್ಲಿ ಪ್ಲಗ್ ಆಫ್ ಮಾಡಿ, ಅರ್ಧ ನಿಮಿಷ ಬಿಡಿ, ಆನ್ ಮಾಡಿ. ಮಷಿನ್ ತಾನೇ ಏಳುತ್ತದೆ. ಮ್ಯಾಕ್ ಅಡ್ರೆಸ್, ಪ್ಯಾಕೆಟ್ ಯಾವುದರ ಗೊಡವೆಯೂ ಇಲ್ಲ. ಎರಡು ಎಚ್ಚರಿಕೆ: ವಿಂಡೋಸ್ ಓಡುತ್ತಿರುವಾಗ ಪ್ಲಗ್ ಮುಟ್ಟಬೇಡಿ, ಕೆಲಸ ಮುಗಿದ ಮೇಲೆ ಟ್ಯಾಬ್‌ನಿಂದಲೇ ಶಟ್‌ಡೌನ್ ಕೊಡಿ. ಇನ್ನು ಕರೆಂಟ್ ಬಂದಾಗೆಲ್ಲ ಮಷಿನ್ ಸುಮ್ನೆ ಎದ್ದು ಕೂರುತ್ತದೆ, ಅದಕ್ಕೆ ಪ್ಲಗ್ಗನ್ನೂ ರೌಟರನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ರೌಟರ್ ಸತ್ತರೆ ಯಾವ ಉಪಾಯವೂ ನಡೆಯುವುದಿಲ್ಲ.

ನಡೆಸುವುದಕ್ಕೆ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಸಾಕು. ಕಾಸಿಲ್ಲ, ಕನಿಷ್ಠ 6 ಅಂಕಿಯ ಪಿನ್ ಇಡಬೇಕು, ವಿಂಡೋಸ್ ಲಾಗಿನ್ ಪರದೆಯೂ ಕಾಣುತ್ತದೆ. ಮೈಕ್ರೋಸಾಫ್ಟ್‌ನ ರಿಮೋಟ್ ಡೆಸ್ಕ್‌ಟಾಪ್ ಬೇಕಂದರೆ ಮನೆಯ ಮಷಿನ್‌ನಲ್ಲಿ ವಿಂಡೋಸ್ ಪ್ರೊ ಇರಬೇಕು, ಹೋಮ್‌ನಲ್ಲಿ ಆಗುವುದಿಲ್ಲ. ಯಾರೋ ಯೂಟ್ಯೂಬ್‌ನಲ್ಲಿ ಹೇಳಿದರು ಅಂತ 3389 ಪೋರ್ಟನ್ನು (ಈ ರಿಮೋಟ್ ಡೆಸ್ಕ್‌ಟಾಪ್ ಬಳಸುವ ಬಾಗಿಲು) ಇಂಟರ್‌ನೆಟ್‌ಗೆ ತೆರೆದಿಡಬೇಡಿ, ಕಳ್ಳರು ಅದನ್ನೇ ಹುಡುಕುತ್ತಿರುತ್ತಾರೆ. ಟೈಪಿಂಗ್ ಜಾಸ್ತಿ ಇದ್ದರೆ ಬ್ಲೂಟೂತ್ ಕೀಬೋರ್ಡ್ ತಗೊಳ್ಳಿ. ಪರದೆಯ ಕೀಬೋರ್ಡ್ ಅರ್ಧ ಪುಟ ನುಂಗುತ್ತದೆ.

ಬೀದರ್‌ಗೆ ಹೊರಡುವ ಮುಂಚೆ ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ, ಆದರೆ ಟ್ಯಾಬ್‌ನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ. ಮನೆ ವೈಫೈನಲ್ಲಿ ಆಯಿತು ಅಂದರೆ ಹೊರಗಿಂದಲೂ ಆಗುತ್ತದೆ ಅಂತ ಅಲ್ಲ.