ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ಟ್ರಾನ್ಸಿಸ್ಟರ್ ಜೋಡಿ ಹುಡುಕುವಾಗ ಮೀಟರ್ ಒಂದೊಂದು ಸಲ ಒಂದೊಂದು ಲೆಕ್ಕ ಹೇಳುತ್ತೆ, ಯಾಕೆ?

ಐವತ್ತು ಬಿಸಿ550 (BC550) ಟ್ರಾನ್ಸಿಸ್ಟರ್ ತಂದು ಮಲ್ಟಿಮೀಟರ್‌ನಲ್ಲಿ ಗೇನ್, ಅಂದರೆ ಬೇಸ್ ಕಾಲಿಗೆ ಕೊಟ್ಟ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್ ಕಾಲಲ್ಲಿ ಹರಿಯುತ್ತೆ ಅನ್ನೋದನ್ನು, ನೋಡುತ್ತಿದ್ದೀರಿ, ಒಂದೇ ಟ್ರಾನ್ಸಿಸ್ಟರ್ ಒಮ್ಮೆ 430, ಇನ್ನೊಮ್ಮೆ 445 ತೋರಿಸುತ್ತಿದೆ, ಮೀಟರ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ. ನಿಮ್ಮ ಬೆರಳು ಬೆಚ್ಚಗಿದೆ, ಅಷ್ಟೇ. ಹೆಸರಲ್ಲೇ ಬಿಸಿ ಇದೆ ನೋಡಿ.

ನಾನೂ ಮೊದಲ ಸಲ ಇಡೀ ಸಂಜೆ ಕೂತು ಅರವತ್ತು ಅಳೆದು, ಜೋಡಿ ಮಾಡಿ, ಚೀಟಿ ಅಂಟಿಸಿ ಮಲಗಿದೆ. ಬೆಳಗ್ಗೆ ಸುಮ್ನೆ ಒಂದೆರಡು ಜೋಡಿ ಮತ್ತೆ ನೋಡಿದರೆ ಒಂದೂ ತಾಳೆಯಾಗಲಿಲ್ಲ. ಕಾರಣ ಟೇಬಲ್ ಲ್ಯಾಂಪ್ ಮತ್ತು ನನ್ನ ಕೈ. ಟ್ರಾನ್ಸಿಸ್ಟರ್ ಬಿಸಿಯಾದಂತೆ ಗೇನ್ ಏರುತ್ತದೆ, ಬೇಸ್ ಮತ್ತು ಎಮಿಟರ್ ಕಾಲುಗಳ ನಡುವಿನ ವೋಲ್ಟೇಜ್ ಒಂದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ನೀವು ಹುಡುಕುತ್ತಿರುವ ವ್ಯತ್ಯಾಸವೇ ಅಷ್ಟಿರುತ್ತದೆ, ಅಲ್ವಾ?

ಇನ್ನೊಂದು ವಿಷಯ. ಇನ್‌ಪುಟ್‌ನ ಡಿಫರೆನ್ಷಿಯಲ್ ಜೋಡಿಗೆ (ಎರಡು ಸಿಗ್ನಲ್‌ಗಳ ವ್ಯತ್ಯಾಸವನ್ನು ಹಿಗ್ಗಿಸುವ ಎರಡು ಟ್ರಾನ್ಸಿಸ್ಟರ್) ಗೇನ್‌ಗಿಂತ ಮೊದಲು ಆ ಬೇಸ್-ಎಮಿಟರ್ ವೋಲ್ಟೇಜ್ ಹೊಂದಬೇಕು. ಎರಡರ ನಡುವೆ 10 ಮಿಲಿವೋಲ್ಟ್ ಅಂತರ ಇದ್ದರೆ, ಒಂದೇ ವೋಲ್ಟೇಜ್ ಕೊಟ್ಟಾಗ ಒಂದು ಇನ್ನೊಂದರ ಸುಮಾರು ಒಂದೂವರೆ ಪಟ್ಟು ಕರೆಂಟ್ ಎಳೆಯುತ್ತದೆ. ಅಳೆಯೋದು ಸುಲಭ: 12 ವೋಲ್ಟ್ ಸಪ್ಲೈ, 10 ಕಿಲೋ ಓಮ್‌ನ ಎರಡು ಒಂದು ಪರ್ಸೆಂಟ್ ರೆಸಿಸ್ಟರ್, ಪ್ರತಿ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಮತ್ತು ಬೇಸ್ ಸೇರಿಸಿ ಒಂದೊಂದು ರೆಸಿಸ್ಟರ್ ಮೂಲಕ 12 ವೋಲ್ಟ್‌ಗೆ, ಎಮಿಟರ್ ಎರಡೂ ಗ್ರೌಂಡಿಗೆ. ಒಂದೊಂದರಲ್ಲೂ 1.1 ಮಿಲಿಆಂಪ್‌ನಷ್ಟು ಹರಿಯುತ್ತದೆ. ಮೀಟರನ್ನು 200 ಮಿಲಿವೋಲ್ಟ್ ರೇಂಜ್‌ಗೆ ಹಾಕಿ, ಎರಡು ಬೇಸ್‌ಗಳ ನಡುವೆಯೇ ಇಡಿ. ಹೀಗೆ ಮಾಡಿದರೆ 650 ಮಿಲಿವೋಲ್ಟ್ ಆಸುಪಾಸಿನ ದೊಡ್ಡ ಅಂಕಿಗಳನ್ನು ಬರೆದು ಕಳೆಯುವ ತಾಪತ್ರಯವಿಲ್ಲ, ವ್ಯತ್ಯಾಸ ನೇರವಾಗಿ ಕಾಣುತ್ತದೆ, ಕೋಣೆಯ ಬಿಸಿ ಬದಲಾದರೂ ಎರಡಕ್ಕೂ ಒಟ್ಟಿಗೇ ಬದಲಾಗುತ್ತದೆ. ಒಂದನ್ನು ಅಲ್ಲೇ ಬಿಟ್ಟು ಇನ್ನೊಂದು ಜಾಗದಲ್ಲಿ ಉಳಿದ 49ನ್ನೂ ಒಂದೊಂದಾಗಿ ಚಿಮಟದಲ್ಲಿ ಹಿಡಿದು ಹಾಕಿ, ಒಂದು ನಿಮಿಷ ಕಾಯಿರಿ. ಆ ಒಂದು ನಿಮಿಷ ಕಾಯೋದೇ ಕಷ್ಟ, ಉಳಿದಿದ್ದೆಲ್ಲ ಸುಲಭ. 1 ಮಿಲಿವೋಲ್ಟ್ ಒಳಗೆ ಸಿಕ್ಕರೆ ಸಾಕು.

ಆಮೇಲೆ ಆ ಗುಂಪಿನೊಳಗೆ ಗೇನ್ ನೋಡಿ. ಗೇನ್ 400, ಕರೆಂಟ್ 1 ಮಿಲಿಆಂಪ್ ಇದ್ದರೆ ಬೇಸ್‌ಗೆ 2.5 ಮೈಕ್ರೋಆಂಪ್ ಬೇಕು. ಅದು ಇನ್‌ಪುಟ್‌ನ 47 ಕಿಲೋ ಓಮ್ ರೆಸಿಸ್ಟರ್ ಮೂಲಕ ಬಂದರೆ 117 ಮಿಲಿವೋಲ್ಟ್ ಅಲ್ಲೇ ಬೀಳುತ್ತದೆ. ಫೀಡ್‌ಬ್ಯಾಕ್ (ಔಟ್‌ಪುಟ್‌ನಿಂದ ಜೋಡಿಯ ಇನ್ನೊಂದು ಬೇಸ್‌ಗೆ ಮರಳಿ ಬರುವ ದಾರಿ) ಕಡೆಯೂ 47 ಕಿಲೋ ಓಮ್ ಇದ್ದರೆ ಒಂದನ್ನೊಂದು ಹೊಡೆದು ಹಾಕುತ್ತವೆ, ಆದರೆ ಗೇನ್ ಹತ್ತು ಪರ್ಸೆಂಟ್ ಆಚೀಚೆ ಆದರೆ 12 ಮಿಲಿವೋಲ್ಟ್ ಉಳಿದೇ ಬಿಡುತ್ತದೆ. 10 ಕಿಲೋ ಓಮ್ ಹಾಕಿದ್ದರೆ ಉಳಿಯೋದು ಬರೀ 2.5. ಹಾಗಾಗಿ ರೆಸಿಸ್ಟರ್ ಸಣ್ಣದಿದ್ದರೆ ಗೇನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಔಟ್‌ಪುಟ್‌ನ ಬಿಡಿ139 (BD139), ಬಿಡಿ140 (BD140) ಟ್ರಾನ್ಸಿಸ್ಟರ್‌ಗಳನ್ನೂ ಜೋಡಿ ಮಾಡಬೇಕಾ ಅಂತಲೂ ಕೇಳಿದ್ದೀರಿ. ನನ್ನ ಮಟ್ಟಿಗೆ ಬೇಡ. ಒಂದು ಎನ್‌ಪಿಎನ್, ಇನ್ನೊಂದು ಪಿಎನ್‌ಪಿ, ಎಷ್ಟು ಆರಿಸಿದರೂ ಅವಳಿ ಆಗಲ್ಲ, ಉಳಿದ ವ್ಯತ್ಯಾಸವನ್ನು ಫೀಡ್‌ಬ್ಯಾಕ್ ನೋಡಿಕೊಳ್ಳುತ್ತದೆ. ಆ ಸಮಯದಲ್ಲಿ ಬಯಾಸ್ ಟ್ರಾನ್ಸಿಸ್ಟರನ್ನು (ಔಟ್‌ಪುಟ್ ಜೋಡಿಯ ಸುಮ್ಮನಿರುವಾಗಿನ ಕರೆಂಟ್ ನಿಗದಿ ಮಾಡುವುದು) ಆ ಜೋಡಿಯ ಹೀಟ್‌ಸಿಂಕ್‌ಗೇ ಬಿಗಿಯಾಗಿ ಕೂರಿಸಿ, ಔಟ್‌ಪುಟ್‌ನ ಎಮಿಟರ್ ರೆಸಿಸ್ಟರ್ ಹಾಕದೆ ಮಾತ್ರ ಬಿಡಬೇಡಿ.

ಇನ್‌ಪುಟ್ ಜೋಡಿಯ ಚಪ್ಪಟೆ ಮುಖ ಎರಡನ್ನೂ ಎದುರುಬದುರು ಸೇರಿಸಿ, ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಹೆಡ್‌ಫೋನ್ ಚುಚ್ಚುವ ಮುಂಚೆ ಔಟ್‌ಪುಟ್‌ನ ಡಿಸಿ (ಹಾಡಿಲ್ಲದಾಗಲೂ ಉಳಿಯುವ ಸ್ಥಿರ ವೋಲ್ಟೇಜ್) ನೋಡಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. 20 ಮಿಲಿವೋಲ್ಟ್ ಒಳಗಿದ್ದರೆ ನಾನು ಚುಚ್ಚುತ್ತೇನೆ. ಅಲ್ಲಿಗೇ ಬಿಡದೆ ಇನ್‌ಪುಟ್ ಜೋಡಿಯ ಮೇಲೆ ಒಮ್ಮೆ ಉಫ್ ಅಂತ ಊದಿ: ಮೀಟರ್ ಓಡಾಡಿದರೆ ಎರಡೂ ಇನ್ನೂ ಸರಿಯಾಗಿ ಅಂಟಿಕೊಂಡಿಲ್ಲ ಅಂತ.